ಮುಂದಿನ ಪಾಳಿಯವರಿಗೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ರೇಣುಕಾಳ ಅರ್ಜಿಯ ಜೊತೆ ಹೋಗಬೇಕಾದ ಪತ್ರ ಇನ್ನೂ ಆಗಿರಲಿಲ್ಲ. ಸಂಜೆ ಐದಕ್ಕೆ ಗಡುವು.

ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ವಿಭಾಗದಲ್ಲಿ ಸೂಪರ್‌ವೈಸರ್ ಬೇಕಾಗಿತ್ತು. ಸೇಡಂ ಕಡೆಯ ರೇಣುಕಾ ಹನ್ನೊಂದು ವರ್ಷದಿಂದ ನಗರದ ಇನ್ನೊಂದು ತುದಿಯ ನಾಚಾರಂನ ಸಣ್ಣ ಔಷಧ ಘಟಕವೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಲಿಂಗಂಪಲ್ಲಿಯ ಮನೆಯಿಂದ ಅಲ್ಲಿಗೆ ಎರಡು ಬಸ್ಸು. ಹೋಗಲು ಎರಡು ತಾಸು, ಬರಲು ಎರಡು ತಾಸು. ಪಟಾನ್‌ಚೆರುವಿಗೆ ಒಂದೇ ಬಸ್ಸು, ಅರ್ಧ ತಾಸು.

ಡಿಗ್ರಿ ಎರಡನೇ ವರ್ಷದಲ್ಲಿದ್ದ ಮಗಳು ಸೌಂದರ್ಯಾ ಫೋನಿನಲ್ಲಿ ಸಿಕ್ಕ ಇಂಗ್ಲಿಷ್ ಮಾದರಿ ಪತ್ರವೊಂದಕ್ಕೆ ಅವ್ವನ ಹೆಸರು ಹಾಕಿದ್ದಳು. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಗದಿಗೆಮ್ಮ, "ಕನ್ನಡದಾಗ ಹೇಳವಾ, ನಾನೂ ಕೇಳ್ತೀನಿ" ಎಂದಳು.

"ನಾನು ಅತ್ಯಂತ ಉತ್ಸಾಹಿ, ಗುರಿ ಮುಟ್ಟುವ ಛಲದವಳು. ಎಲ್ಲರನ್ನೂ ಮುನ್ನಡೆಸುವ ಗುಣ ನನ್ನ ರಕ್ತದಲ್ಲಿದೆ..."

"ಇದು ಯಾರ ಸುದ್ದಿ?"

"ಅವ್ವಂದು."

"ಹೌದಾ! ನಾ ಯಾರೋ ಎಲೆಕ್ಷನ್ನಿಗೆ ನಿಂತಾರಂತ ತಿಳಿದಿದ್ದೆ."

ರೇಣುಕಾ ನಕ್ಕಳು. ಆಮೇಲೆ ಗಂಭೀರವಾದಳು. "ಅಳಿಸಿಬಿಡು. ನಾಳೆ ಎದುರಿಗೆ ಕುಂದ್ರಿಸಿ ಕೇಳಿದ್ರ ಯಾವ ರಕ್ತ ತೋರಿಸ್ಲಿ?"

"ಹಂಗಾರ ನೀನ ಹೇಳು. ಅಲ್ಲಿ ಏನ ಮಾಡ್ತಿ?"

"ಪ್ಯಾಕಿಂಗ್."

"ಮತ್ತ?"

"ಮತ್ತೇನೈತಿ? ಪಾಳಿ ಮುಗಿದಮ್ಯಾಲ ರಿಜಿಸ್ಟರ್ ಬರೀತೀನಿ."

ಪಾಳಿಯಲ್ಲಿ ಆದದ್ದನ್ನೆಲ್ಲ ಬರೆದು ಮುಂದಿನವರಿಗೆ ಒಪ್ಪಿಸುವ ಪುಸ್ತಕ ಅದು. ಗಂಟೆ, ಯಂತ್ರ, ಕೆಟ್ಟದ್ದು, ಸರಿಮಾಡಿದ್ದು. ಹೊಗಳಿಕೆಗೆ ಅದರಲ್ಲಿ ಕಾಲಂ ಇಲ್ಲ.

"ಹಂಗ ಹೇಳು, ನಾ ಇಂಗ್ಲಿಷಿಗೆ ಮಾಡ್ತೀನಿ" ಎಂದಳು ಸೌಂದರ್ಯಾ.

ರೇಣುಕಾ ತಡವರಿಸಲಿಲ್ಲ. "ಹೋದ ಆಗಸ್ಟ್ ಹದಿನಾಲ್ಕು, ಮಧ್ಯಾಹ್ನ ಮೂರೂ ಹತ್ತು. ನನ್ನ ಲೈನಿನ್ಯಾಗ ಇನ್ನೂರಾ ಹನ್ನೆರಡು ಡಬ್ಬಿಗೆ ಬ್ಯಾರೆ ಔಷಧದ ಲೇಬಲ್ ಹತ್ತಿದ್ವು. ಲೇಬಲ್ ರೋಲ್ ಹಾಕೂ ಮುಂದ ನಾ ನೋಡಿರಲಿಲ್ಲ. ನಾನ ಲೈನ್ ನಿಂದ್ರಿಸಿದೆ. ಎರಡು ತಾಸು ಕೆಲಸ ನಿಂತಿತು. ಒಂದ ಡಬ್ಬಿನೂ ಗೇಟ್ ದಾಟಲಿಲ್ಲ. ಅವತ್ತಿನಿಂದ ರೋಲ್ ಇಬ್ಬರು ನೋಡಿ ಹಾಕ್ತೀವಿ."

ಸೌಂದರ್ಯಾಳ ಬೆರಳು ನಿಂತಿತು. "ಅವ್ವಾ, ನೌಕರಿ ಕೇಳೋ ಪತ್ರದಾಗ ಯಾರರ ತಮ್ಮ ತಪ್ಪು ಬರೀತಾರೇನು?"

"ಬರೀಲಿಲ್ಲಂದ್ರ ಮುಂದಿನ ಪಾಳಿಯವರಿಗೆ ಹ್ಯಾಂಗ ತಿಳೀಬೇಕು?"

"ಇಲ್ಲಿ ಮುಂದಿನ ಪಾಳಿಯವರು ಯಾರದಾರ?"

"ಅವರ. ನನ್ನ ತಗೊಳ್ಳೋರು."

ಗದಿಗೆಮ್ಮ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟಳು. "ಈಗ ನಮ್ಮ ರೇಣುಕಾ ಮಾತಾಡಿದಂಗಾತು. ಬರಿಯವಾ."

ಪತ್ರ ಹದಿನಾಲ್ಕು ಸಾಲಾಯಿತು. ರಿಜಿಸ್ಟರಿನ ಪ್ರತಿ ಪುಟವೂ 'ಮುಂದಿನ ಪಾಳಿಯವರು ಗಮನಿಸಬೇಕಾದದ್ದು' ಎಂಬ ಸಾಲಿನೊಂದಿಗೆ ಮುಗಿಯುತ್ತದೆ. ರೂಢಿಯಂತೆ ರೇಣುಕಾ ಅದನ್ನೂ ಹೇಳಿಬಿಟ್ಟಳು: "ನನಗ ಕಂಪ್ಯೂಟರ್ ಬರಂಗಿಲ್ಲ. ಕಲಿಯಾಕತ್ತೀನಿ."

"ಯಾವಾಗಿಂದ?"

"ಇವತ್ತಿನಿಂದ. ಕಳಿಸೋ ಗುಂಡಿ ಯಾವುದೈತಿ ತೋರಿಸು, ನಾನ ಒತ್ತತೀನಿ."

ಹನ್ನೆರಡೂ ಕಾಲಿಗೆ ಒತ್ತಿದಳು.

ಬುಧವಾರ ಕಾರ್ಖಾನೆಯಿಂದ ಫೋನ್ ಬಂತು. ಹಿಂದಿಯಲ್ಲಿ ಮಾತಾಡಿದ ಮ್ಯಾನೇಜರ್ ಮೊದಲು ಕೇಳಿದ್ದು ಆ ಇನ್ನೂರ ಹನ್ನೆರಡು ಡಬ್ಬಿಗಳ ಬಗ್ಗೆ. ಲೈನ್ ನಿಲ್ಲಿಸಿದ್ದು ಯಾರನ್ನು ಕೇಳಿ ಎಂದರು. ಯಾರನ್ನೂ ಕೇಳಲಿಲ್ಲ, ಕೇಳುವಷ್ಟರಲ್ಲಿ ಇನ್ನೂ ಐವತ್ತು ಆಗುತ್ತಿದ್ದವು ಎಂದಳು ರೇಣುಕಾ. ಕಂಪ್ಯೂಟರ್ ಎಲ್ಲಿಗೆ ಬಂತು ಎಂದೂ ಕೇಳಿದರು. ಮೂರು ದಿನವಾಗಿದೆ, ಹೆಸರು ಟೈಪ್ ಮಾಡುತ್ತೇನೆ ಎಂದಳು. ಆ ಕಡೆಯಿಂದ ನಗು ಕೇಳಿಸಿತು. ಶುಕ್ರವಾರ ಬರಲು ಹೇಳಿದರು.

ಮುಂದಿನ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ರೇಣುಕಾ ಹೊಸ ಕೆಲಸಕ್ಕೆಂದು ಲಿಂಗಂಪಲ್ಲಿಯಲ್ಲಿ ರಸ್ತೆ ದಾಟಿ, ಎದುರು ಬದಿಯ ನಿಲ್ದಾಣದಲ್ಲಿ ಪಟಾನ್‌ಚೆರುವಿನ ಬಸ್ಸು ಹತ್ತಿದಳು. ಕೂರಲು ಸೀಟು ಸಿಕ್ಕಿತು.