ಯಾರದೂ ಅಲ್ಲದ ಸಂಖ್ಯೆ

ವೋಟು ಹಾಕಲು ಹೊರಟಾಗ ಅತ್ತೆ ಹಿಲ್ಕಾ ಪೆಟ್ಟಿಗೆಯಿಂದ ಒಳ್ಳೆಯ ಉಣ್ಣೆ ಕೋಟನ್ನೇ ತೆಗೆದು ತೊಟ್ಟರು. ವೋಟಾದ ಮೇಲೆ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯದಿದ್ದರೆ ಫಿನ್ಲೆಂಡಿನ ಈ ಗಡಿ ಊರು ಲಪ್ಪೆನ್ರಾಂತದವರಿಗೆ ಚುನಾವಣೆ ಮುಗಿದಂತಲ್ಲ. ಸೊಸೆ ತೈಮಿ ಅತ್ತೆಯ ತೋಳು ಹಿಡಿದು ಹಿಮದ ಮೇಲೆ ನಿಧಾನವಾಗಿ ನಡೆಸಿದಳು.

ರಷ್ಯಾದ ಗಡಿಯಾಚೆ, ವೀಪುರಿಯಲ್ಲಿ, ತೈಮಿಯ ಅಮ್ಮ ಹಾಸಿಗೆ ಹಿಡಿದಿದ್ದಳು. ಗಡಿಯ ಗೇಟು ತೆರೆದಿದ್ದಾಗ ಪ್ರತಿ ಶನಿವಾರ ಹೋಗಿ, ಅವಳನ್ನು ಮೀಯಿಸಿ, ತಲೆ ಬಾಚಿ, ಸಂಜೆಯೊಳಗೆ ತೈಮಿ ಮನೆ ಸೇರುತ್ತಿದ್ದಳು. ಈಗ ಗೇಟು ಮುಚ್ಚಿದೆ, ಎಸ್ಟೋನಿಯಾ ಸುತ್ತಿಕೊಂಡು ಹೋಗಬೇಕು. ಅದಕ್ಕೆ ವಾರವಾರ ರಜೆ ಕೊಡುವವರು ಯಾರು? ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಝೀನಾ ಕೂಡ ಇನ್ನು ಸ್ವಲ್ಪ ದಿನಕ್ಕೆ ಮಗಳ ಊರಿಗೆ ಹೋಗಿಬಿಡುತ್ತೇನೆ ಎಂದಿದ್ದಳು. ಅಧ್ಯಕ್ಷರ ಚುನಾವಣೆಯ ಕೊನೆಯ ಸುತ್ತಿನಲ್ಲಿ ಉಳಿದಿದ್ದ ಇಬ್ಬರು ಅಭ್ಯರ್ಥಿಗಳು ಟೀವಿಯಲ್ಲಿ ಎಲ್ಲದಕ್ಕೂ ಜಗಳವಾಡಿದರು. ಗಡಿಯ ಮಾತು ಬಂದಾಗ ಮಾತ್ರ ಇಬ್ಬರದೂ ಒಂದೇ ಮಾತು: ದೇಶದ ಭದ್ರತೆ, ಮುಚ್ಚಿಯೇ ಇರಲಿ.

"ಯಾರು ಗೆದ್ರೂ ನಂಗೆ ನಿದ್ದೆ ಬರುತ್ತೆ ಬಿಡು," ಅಂದರು ಹಿಲ್ಕಾ. "ನಿಂಗೆ?"

"ಯಾರು ಗೆದ್ರೂ ಬರಲ್ಲ, ಅತ್ತೆ."

"ಬಾಗಿಲು ತೆಗೀರಿ ಅನ್ನಕ್ಕಾಗುತ್ತೇನೇ? ಅಲ್ಲಿಂದ ಏನು ಬರುತ್ತೆ ಅಂತ ನೋಡಿದೋಳು ನಾನು."

ಎಂಬತ್ತು ವರ್ಷದ ಹಿಂದೆ ರಷ್ಯಾ ಯುದ್ಧದಲ್ಲಿ ಕಿತ್ತುಕೊಂಡ ಅದೇ ವೀಪುರಿಯಿಂದ ಅವ್ವನ ಕೋಟಿನ ಚುಂಗು ಹಿಡಿದು ಓಡಿಬಂದವರು ಅವರು. ಬೇಸಿಗೆಗೆ ಸೇನೆ ಸೇರಲಿದ್ದ ತನ್ನ ಮಗನನ್ನು ನೆನೆದರೆ ಗೇಟು ಮುಚ್ಚಿರುವುದೇ ಸರಿ ಎಂದು ತೈಮಿಗೂ ಅನ್ನಿಸುತ್ತಿತ್ತು. ಹಾಗನ್ನಿಸಿದ ಕೂಡಲೇ ಅಮ್ಮನ ಜಡೆಗಟ್ಟಿದ ತಲೆ ಕಣ್ಣಮುಂದೆ ಬರುತ್ತಿತ್ತು.

ಮತಗಟ್ಟೆಯಾಗಿದ್ದ ಗ್ರಂಥಾಲಯದ ಮೂಲೆಯ ಮರೆಯಲ್ಲಿ ಪೆನ್ಸಿಲ್ ಹಿಡಿದು ನಿಂತಳು. ಚೀಟಿಯಲ್ಲಿ ಹೆಸರಿಲ್ಲ, ಖಾಲಿ ವೃತ್ತದೊಳಗೆ ಅಭ್ಯರ್ಥಿಯ ಸಂಖ್ಯೆ ಬರೆಯಬೇಕು. ಈ ದೇಶದಲ್ಲಿ ಅಭ್ಯರ್ಥಿಗಳ ಎಣಿಕೆ ಶುರುವಾಗುವುದೇ ಎರಡರಿಂದ. ಒಂದು ಯಾರದೂ ಅಲ್ಲ. ತೈಮಿ ನೀಟಾಗಿ, ಶಾಲೆಯ ಹುಡುಗಿಯಂತೆ, ಒಂದು ಎಂದು ಬರೆದಳು. ಮಡಚಿದ ಚೀಟಿಯ ಬೆನ್ನಿಗೆ ಅಧಿಕಾರಿ ಮುದ್ರೆ ಒತ್ತಿದ. ಅದು ಉಳಿದೆಲ್ಲ ಚೀಟಿಗಳಂತೆಯೇ ಪೆಟ್ಟಿಗೆಗೆ ಬಿತ್ತು.

ಕಾಫಿಗೆ ಕೂತಾಗ ಹಿಲ್ಕಾ ಯಾರಿಗೆ ಹಾಕಿದೆ ಎಂದು ಕೇಳಲಿಲ್ಲ. ಇಲ್ಲಿ ಗಂಡನೂ ಹೆಂಡತಿಯನ್ನು ಕೇಳುವುದಿಲ್ಲ. ಏಲಕ್ಕಿ ಬನ್ನು ಮುರಿದು ದೊಡ್ಡ ಪಾಲನ್ನು ಸೊಸೆಯ ಕಡೆ ಸರಿಸಿದರು. ಅಷ್ಟರಲ್ಲಿ ಅಮ್ಮನ ಫೋನು ಬಂತು.

"ವೋಟು ಹಾಕಿದ್ಯಾ ಮಗಳೇ?"

"ಹಾಕಿದೆ ಅಮ್ಮ."

"ಗೇಟು ತೆಗೆಯೋನಿಗೇ ತಾನೆ?"

ತೈಮಿ ಹಿಲ್ಕಾರ ಮುಖ ನೋಡಿದಳು. ಅವರು ತಲೆ ತಗ್ಗಿಸಿ, ಕುಡಿದು ಮುಗಿದಿದ್ದ ಕಪ್ಪಿನಲ್ಲಿ ಚಮಚ ತಿರುಗಿಸುತ್ತಿದ್ದರು.

"ಹೂಂ ಅಮ್ಮ."

"ಹಂಗಾದ್ರೆ ಶನಿವಾರ ನೀರು ಕಾಯಿಸಿಡು ಅಂತ ಝೀನಾಗೆ ಹೇಳಿರ್ತೀನಿ."