ಚಿತ್ರದ ಹಿಂದಿನ ಸಾಲು

ಎಂಟು ಸಾವಿರ ಮೀಟರ್ ಎತ್ತರದಲ್ಲಿ, ಆಂಡಿಸ್ ಬೆಟ್ಟಸಾಲಿನ ಪಕ್ಕ, ಮಿರ್ತಾ ಎಂಜಿನ್ನಿಲ್ಲದ ಗ್ಲೈಡರಿನ ಹಿಂದಿನ ಸೀಟಿನಿಂದ ಕೆಳಗಿನ ಮೋಡವನ್ನೇ ನೋಡುತ್ತಿದ್ದಳು. ಬರಿಲೋಚೆಯ ಸರೋವರ ಕಾಣುತ್ತಿದ್ದ ಕಿಂಡಿ ಕಿರಿದಾಗುತ್ತಿತ್ತು. ಅದು ಮುಚ್ಚಿದರೆ ಇಳಿಯಲು ದಾರಿಯಿಲ್ಲ.

ಮುಂದೆ ಕೂತು ಹಾರಿಸುತ್ತಿದ್ದವನು ಅವಳ ತಮ್ಮ ದಾರ್ದೊ. ಎರಡು ಮಕ್ಕಳ ತಂದೆ, ಹಾರುವುದನ್ನು ಅಕ್ಕನಿಂದಲೇ ಕಲಿತವನು.

"ಅಕ್ಕಾ, ಮೂತಿ ತಗ್ಗಿಸ್ತೀನಿ. ಮುಚ್ಚೋದ್ರೊಳಗೆ ನುಗ್ಗಿಬಿಡೋಣ."

"ಕಾರ್ಡ್ ನೋಡ್ಕೊಂಡು ಇಳಿಸೋ."

"ನೋಡ್ದೆ. ಇನ್ನೂರಿಪ್ಪತ್ತು."

ಅದು ಐದು ಸಾವಿರ ಮೀಟರ್ ಎತ್ತರದ ವೇಗಮಿತಿ, ಗಂಟೆಗೆ ಕಿಲೋಮೀಟರಿನಲ್ಲಿ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ವೇಗಮಾಪಕದ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ಮಿರ್ತಾ ಒಂದೊಂದು ಎತ್ತರಕ್ಕೆ ಒಂದೊಂದು ಮಿತಿಯನ್ನು ಕಾರ್ಡಿನಲ್ಲಿ ಬರೆದು ಮುಂದಿನ ಸೀಟಿನೆದುರು ಅಂಟಿಸಿದ್ದಳು.

"ಇಲ್ಲಿ ನೂರೆಂಬತ್ತು ಕಣೋ! ಮೂತಿ ಎತ್ತು!"

"ಮುಳ್ಳು ಕೆಂಪು ಗೆರೆಗೆ ಇನ್ನೂ ಎಷ್ಟು ದೂರ ಇದೆ! ಮುದುಕಿ ಥರ ಹೆದರ್ಬೇಡ—"

ಮಾತು ಮುಗಿಯಲಿಲ್ಲ. ರೆಕ್ಕೆಗಳು ಪಟಪಟನೆ ಬಡಿದುಕೊಳ್ಳತೊಡಗಿದವು. ಎರಡೂ ಸೀಟಿನೆದುರು ಒಟ್ಟಿಗೇ ಆಡುವ ಚಾಲನೆಯ ಸ್ಟಿಕ್ಕು ಹುಚ್ಚೆದ್ದು ಎಡಬಲಕ್ಕೆ ಬೀಸಿ ಮಿರ್ತಾಳ ಮೊಣಕಾಲಿಗೆ ಅಪ್ಪಳಿಸಿತು. ಹಿಡಿಯಲು ಹೋದ ಕೈಯ ಕಿರುಬೆರಳು ಲಟಕ್ಕೆಂದಿತು. ಬಲರೆಕ್ಕೆಯ ತುದಿಯಿಂದ ಒಂದು ಚೂರು ಕಿತ್ತು ಹಾರಿಹೋಯಿತು.

"ಬಿಡೋ! ಕೈ ಬಿಡು!"

ದಾರ್ದೊ ಬಿಡಲಿಲ್ಲ. ಭಯಕ್ಕೆ ಎರಡೂ ಕೈ ಬಿಗಿದು ಸ್ಟಿಕ್ಕನ್ನು ಮುಂದಕ್ಕೇ ಒತ್ತಿ ಹಿಡಿದಿದ್ದ.

ಮಿರ್ತಾ ಭುಜದ ಪಟ್ಟಿ ಸಡಿಲಿಸಿದಳು. ಎಲೆಕಷಾಯ ಮಾಡಿಕೊಳ್ಳಲು ತಂದಿದ್ದ ಬಿಸಿನೀರಿನ ಉಕ್ಕಿನ ಫ್ಲಾಸ್ಕು ಕಾಲ ಬಳಿ ಇತ್ತು. ಎತ್ತಿ ತಮ್ಮನ ತಲೆಗೆ ಬಾರಿಸಿದಳು. ಬಿಡಲಿಲ್ಲ. ಎಳವೆಯಲ್ಲಿ ತಾನೇ ಬಾಚುತ್ತಿದ್ದ ತಲೆ. ಹಲ್ಲು ಕಚ್ಚಿ ಮತ್ತೆ ಬಾರಿಸಿದಳು. ಉಣ್ಣೆ ಟೋಪಿಯಡಿಯಿಂದ ರಕ್ತ ಇಳಿಯಿತು, ಕೈಗಳು ಸಡಿಲಾದವು.

ಈಗ ಜೋರಾಗಿ ಎಳೆದರೆ ರೆಕ್ಕೆ ಮುರಿಯುತ್ತದೆ. ನಿದ್ದೆ ಹೋದ ಕೂಸಿನ ಬಾಯಿಂದ ಮೊಲೆ ಬಿಡಿಸಿಕೊಳ್ಳುವಷ್ಟು ಮೆಲ್ಲಗೆ ಅವಳು ಸ್ಟಿಕ್ಕನ್ನು ಹಿಂದಕ್ಕೆ ತಂದಳು. ಇನ್ನೂರು. ನೂರತೊಂಬತ್ತು. ಬಡಿತ ನಿಂತಿತು. ರೆಕ್ಕೆಯ ಮೇಲಿನ ಗಾಳಿಬ್ರೇಕುಗಳನ್ನು ನಿಧಾನವಾಗಿ ತೆರೆದು, ಮಿತಿಯೊಳಗೇ ಸುತ್ತುತ್ತ, ಬಾವಿಯಷ್ಟೇ ಉಳಿದಿದ್ದ ಕಿಂಡಿಯಲ್ಲಿ ಇಳಿಸಿದಳು.

ನೆಲ ಮುಟ್ಟಿದ ಮೇಲೆ ದಾರ್ದೊ ತಲೆ ಹಿಡಿದುಕೊಂಡು ತೊದಲಿದ, "ಲೊರೆತೊ ಮಾತೆ ಕಾಪಾಡಿದಳು ಅಕ್ಕಾ."

"ಕಾಪಾಡಿದ್ದು ಫ್ಲಾಸ್ಕು. ಎಲ್ಲಿದ್ದಾಳೆ ನಿನ್ನ ಮಾತೆ?"

ಅವನು ಬೆರಳು ತೋರಿಸಿದ. ಹಾರುವವರನ್ನು ಕಾಯುವ ಮಾತೆಯ ಪುಟ್ಟ ಚಿತ್ರ ಕಾರ್ಡಿನ ಕೆಳಭಾಗದ ಮೇಲೆ ಅಂಟಿತ್ತು. "ಅಮ್ಮ ಬೆಳಿಗ್ಗೆ ಕೊಟ್ಟಳು. ಕಣ್ಣೆದುರಿಗೇ ಇರಲಿ ಅಂದಳು."

ಮಿರ್ತಾ ಮುರಿದ ಬೆರಳನ್ನು ಮೇಲೆತ್ತಿಕೊಂಡು ಚಿತ್ರವನ್ನು ಹರಿಯದಂತೆ ಬಿಡಿಸಿ ಅವನ ಜೇಬಿಗಿಟ್ಟಳು. ಅಡಿಯಲ್ಲಿ ಅವಳದೇ ಅಕ್ಷರ, ಇನ್ನೂರಿಪ್ಪತ್ತರ ಕೆಳಗೆ ಮುಚ್ಚಿಹೋಗಿದ್ದ ಸಾಲುಗಳು.

"ಓದು."

"ಎಂಟು ಸಾವಿರಕ್ಕೆ... ನೂರೆಂಬತ್ತು."

"ಇನ್ನೊಂದ್ಸಲ," ಎಂದಳು, ತೋಳಿನಿಂದ ಅವನ ಹಣೆಯ ರಕ್ತ ಒರೆಸುತ್ತ.