ಹೆರಿಗೆಮನೆಯ ಕುದುರೆಗಳು

ನಮ್ಮ ಮೇಯರ್‌ನ ಕುದುರೆಗಳು ಹೆರಿಗೆಮನೆಯಲ್ಲಿ ಮಲಗುತ್ತಿದ್ದವು, ನಮ್ಮ ಹೆಂಗಸರು ಜೀಪಿನಲ್ಲಿ ಹೆರುತ್ತಿದ್ದರು. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಲಾನಾವೊ ಸರೋವರದ ದಡದ ಈ ಪುಟ್ಟ ಪುರಸಭೆಗೆ ನಾನು ಸೂಲಗಿತ್ತಿ. ಹೆಸರು ಮೊನಾಯಿರ. ಈ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಯಿತು. ಮೇಯರ್ ಅಬೊಲಾಯಿಸ್ ನನ್ನ ಚಿಕ್ಕಪ್ಪನ ಮಗ. ಇಲ್ಲಿ ಯಾರು ಯಾರಿಗೆ ನೆಂಟರಲ್ಲ ಹೇಳಿ! ಅದೇ ದೊಡ್ಡ ಪೀಡೆ. ಮೂರು ವರ್ಷದ ಹಿಂದೆ ನನ್ನ ತಂಗಿ ಸಾಯಿಮಾ ಹೆರಿಗೆಗೆಂದು ಪೇಟೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಜೀಪಿನೊಳಗೆ, ನನ್ನ ತೊಡೆಯ ಮೇಲೆ ತಲೆಯಿಟ್ಟು ರಕ್ತ ಹೋಗಿ ಸತ್ತಳು. ಆಮೇಲೆ ಊರಿಗೆ ಈ ಹೆರಿಗೆಮನೆ ಬಂತು. ಹಸಿರು ಬಣ್ಣದ ಗೋಡೆ, ಬಾಗಿಲ ಮೇಲೆ ಅಬೊಲಾಯಿಸ್‌ನ ನಗುಮುಖದ ದೊಡ್ಡ ಚಿತ್ರ. ಉದ್ಘಾಟನೆಯಾದ ವಾರಕ್ಕೇ ಅವನ ಪಂದ್ಯದ ಕುದುರೆಗಳು ಒಳಗೆ ಸೇರಿಕೊಂಡವು. "ಲಾಯದ ಸೂರು ಸೋರ್ತಿದೆ ಅಕ್ಕ, ಎರಡೇ ವಾರ" ಅಂದಿದ್ದ. ಎರಡು ವರ್ಷವಾಯಿತು. ಈಗ ಸಾಯಿಮಾಳ ಮಗಳು ಜಮೇರಾ ಬಸುರಿ, ಒಂಬತ್ತು ತಿಂಗಳು ತುಂಬಿದೆ, ಚೊಚ್ಚಲು. ಏನೇ ಆಗಲಿ, ಇವಳನ್ನು ಜೀಪು ಹತ್ತಿಸುವುದಿಲ್ಲ ಎಂದು ನಾನು ಹಟ ತೊಟ್ಟಿದ್ದೆ.

ಮಂಗಳವಾರ ಬೆಳಿಗ್ಗೆ ಅಬೊಲಾಯಿಸ್ ನಮ್ಮ ಮನೆಗೇ ಓಡಿಬಂದ. ಜೊತೆಗೆ ನಮ್ಮ ಮನೆತನದ ಹಿರಿಯ ದಿಮಾಸರ್ ಮಾವ.

"ಅಕ್ಕಾ, ಹನ್ನೊಂದಕ್ಕೆ ಪ್ರಾಂತ್ಯದ ಕಚೇರಿಯಿಂದ ಡಾಕ್ಟರಮ್ಮ ಬರ್ತಿದ್ದಾರೆ. ಹೆರಿಗೆಮನೆ ನಡೀತಿದೆ ಅಂತ ನೀನು ತೋರಿಸ್ಬೇಕು."

"ನೀನೇ ತೋರಿಸಪ್ಪ. ನಿನ್ನ ಬಿಳಿ ಕುದುರೆಗೆ ತಲೆವಸ್ತ್ರ ಕಟ್ಟಿ ಮಂಚದ ಮೇಲೆ ಮಲಗಿಸು. ಬಸುರಿ ಅಂದ್ರೂ ನಂಬ್ತಾರೆ, ಅಷ್ಟು ತಿಂದು ಕೊಬ್ಬಿದೆ."

"ನಾಲಿಗೆ ಹಿಡಿದು ಮಾತಾಡು, ಮೊನಾಯಿರ" ಅಂದರು ಮಾವ. "ಹೊರಗಿನವರ ಮುಂದೆ ಇವನು ತಲೆ ತಗ್ಗಿಸಿದ್ರೆ ಮನೆತನವೇ ತಲೆ ತಗ್ಗಿಸಿದ ಹಾಗೆ. ಮರಾತಬಾತ್ ಅನ್ನೋದು ಒಬ್ಬನ ಸ್ವತ್ತಲ್ಲ."

ಮರಾತಬಾತ್! ಮಾನ! ಅದಕ್ಕಾಗಿ ನಮ್ಮ ಗಂಡಸರು ಬಂದೂಕು ಎತ್ತುತ್ತಾರೆ, ಮೊಮ್ಮಕ್ಕಳ ಕಾಲದವರೆಗೂ ಹಗೆ ಸಾಧಿಸುತ್ತಾರೆ. ಹೆಂಗಸೊಬ್ಬಳು ಜೀಪಿನಲ್ಲಿ ಸತ್ತರೆ ಮಾತ್ರ ಅದು ಯಾರ ಮಾನಕ್ಕೂ ತಾಗುವುದಿಲ್ಲ.

"ಕುದುರೆಗಳು ಮತ್ತೆ ಒಳಗೆ ಬರಕೂಡದು. ಹಾಗಾದ್ರೆ ನೀವು ಹೇಳಿದ್ದು ಹೇಳ್ತೀನಿ" ಅಂದೆ.

"ಬರಲ್ಲ ಅಕ್ಕ. ಮಾವನ ಮುಂದೆ ಮಾತು ಕೊಟ್ಟೆ."

ನಂಬಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಇಡೀ ಮನೆತನ ಕೈಜೋಡಿಸಿತು. ಹೆಂಗಸರು ಲದ್ದಿ ಬಾಚಿದರು, ಗೋಡೆ ತೊಳೆದರು. ಐದು ಮನೆಗಳಿಂದ ಮಂಚ ಬಂತು, ಐದು ಮನೆಗಳಿಂದ ಬಸುರಿಯರು ಬಂದರು. ನಾಲ್ಕನೆಯ ಮಂಚದ ಮೇಲೆ ಜಮೇರಾಳನ್ನು ನಾನೇ ಮಲಗಿಸಿದೆ.

ಡಾಕ್ಟರಮ್ಮ ಬಂದವರೇ ಮುಖ ಕಿವುಚಿದರು. "ಏನೋ ವಾಸನೆ ಇದೆಯಲ್ಲ?"

"ಹೊಸ ಬಣ್ಣ ಅಮ್ಮಾ" ಅಂದರು ಮಾವ ಹೊಸ್ತಿಲ ಆಚೆಯಿಂದ, ಮುಖದ ಒಂದು ಗೆರೆಯೂ ಅಲುಗದಂತೆ.

"ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತೆ?" ಎಂದು ಅವರು ನನ್ನನ್ನು ಕೇಳಿದರು.

"ಹನ್ನೆರಡು."

"ಈ ಮೂರು ವರ್ಷದಲ್ಲಿ ಊರಲ್ಲಿ ಹೆರಿಗೆಯಲ್ಲಿ ಸತ್ತ ತಾಯಂದಿರು?"

ಮಾವ ಕೆಮ್ಮಿದರು. "ಯಾರೂ ಇಲ್ಲ" ಅಂದೆ. ಅವರು ಬರೆದುಕೊಂಡರು. ಜಮೇರಾ ಮಂಚದಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಲಿಲ್ಲ.

ಮೇಯರ್ ಮನೆಯಲ್ಲಿ ರೆಂಡಾಂಗ್ ಮಾಂಸದ ಊಟ ಮುಗಿದು ಡಾಕ್ಟರಮ್ಮನ ಕಾರು ಹೊರಟಿತು. ಅದರ ಧೂಳು ಅಡಗುವ ಮುಂಚೆಯೇ ಅಬೊಲಾಯಿಸ್ ಬಿಳಿ ಕುದುರೆಯ ಹಗ್ಗ ಹಿಡಿದು ಹೆರಿಗೆಮನೆಯ ಬಾಗಿಲಿಗೆ ಬಂದ. ಹಿಂದೆ ಇನ್ನೂ ಮೂರು.

"ಪಂದ್ಯ ಮುಗಿಯೋವರೆಗೆ ಅಷ್ಟೇ ಅಕ್ಕ. ಏಯ್, ಎಲ್ಲಾ ಎದ್ದೇಳ್ರಮ್ಮ! ಮಂಚ ವಾಪಸ್ ಕೊಡ್ಬೇಕು."

ಒಳಗೆ ಯಾರೂ ಅಲುಗಲಿಲ್ಲ.

"ನಾನು ಏಳಲ್ಲ" ಅಂದಳು ಜಮೇರಾ. "ನಾನು ಹೆರೋದು ಇಲ್ಲೇ."

"ನಾನೂ ಏಳಲ್ಲ" ಅಂದಳು ಪಕ್ಕದವಳು. ಮಿಕ್ಕ ಮೂವರು ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು.

ಬಸುರಿ ಹೆಂಗಸರು ಮಲಗಿದ ಕೋಣೆಗೆ ನಮ್ಮಲ್ಲಿ ಗಂಡಸು ಕಾಲಿಡುವುದಿಲ್ಲ, ಅವನು ಮೇಯರ್ ಆಗಲಿ, ಸುಲ್ತಾನನಾಗಲಿ. ಅಬೊಲಾಯಿಸ್ ಹೊಸ್ತಿಲ ಆಚೆಯೇ ನಿಂತ. ಊರವರು ನೋಡುತ್ತಿದ್ದರು. ಅವನ ಕಿವಿ ಕೆಂಪಾಯಿತು.

"ಎಷ್ಟು ದಿನ ಮಲಗ್ತಾರೆ? ಹಸಿವಾದ್ರೆ ಏಳ್ತಾರೆ" ಎಂದು ನನ್ನತ್ತ ತಿರುಗಿದ. "ನೀನು ಯಾರ ಹತ್ರ ದೂರು ಹೇಳ್ತೀಯ ಅಕ್ಕ? ಎಲ್ಲಾ ಸರಿ ಇದೆ ಅಂತ ನಿನ್ನ ಬಾಯಲ್ಲೇ ಹೇಳಿದ್ದೀಯಲ್ಲ!"

ನಿಜ. ನನ್ನ ಬಾಯಲ್ಲೇ. ಒಡಹುಟ್ಟಿದವಳು ಸತ್ತೇ ಇಲ್ಲ ಎಂದಿದ್ದ ಬಾಯಿ. ಒಳಗಿನಿಂದ ಚಿಲಕ ಹಾಕಿಕೊಳ್ಳಿ ಎಂದು ಹೆಂಗಸರಿಗೆ ಕೂಗಿ ಹೇಳಿ, ಹೆರಿಗೆಗೆಂದು ಹಳ್ಳಿಹಳ್ಳಿ ಸುತ್ತುವ ನನ್ನ ಹಳೆಯ ಬೈಕು ಹತ್ತಿ ಡಾಕ್ಟರಮ್ಮನ ಕಾರಿನ ಹಿಂದೆ ಹೊರಟೆ.

ಮಾವ ಅಡ್ಡ ನಿಂತರು. "ಊರಂಚಿನ ಸೇತುವೆ ದಾಟಿ ಮನೆಯ ಮಾನ ಹರಾಜು ಹಾಕ್ತೀಯಾ?"

"ಸಾಯಿಮಾಳ ಹೆಣ ಅದೇ ಸೇತುವೆ ದಾಟಿ ಮನೆಗೆ ಬಂತಲ್ಲ ಮಾವ, ಆವತ್ತು ನಿಮ್ಮ ಮಾನ ಎಲ್ಲಿ ಹೋಗಿತ್ತು? ಪಕ್ಕಕ್ಕೆ ಸರೀರಿ."

ಅವರು ಸರಿಯಲಿಲ್ಲ. ನಾನೇ ಬಳಸಿಕೊಂಡು ಹೋದೆ.

ಸೇತುವೆಯ ಹತ್ತಿರ ಸೈನಿಕರು ಪ್ರತಿಯೊಂದು ಗಾಡಿಯನ್ನೂ ತಪಾಸಣೆ ಮಾಡುತ್ತಾರೆ. ಸಾಲಿನಲ್ಲಿ ಡಾಕ್ಟರಮ್ಮನ ಕಾರು ಆರನೆಯದು. ಗಾಜು ಬಡಿದೆ. ಇಳಿಸಿದರು.

"ಏನಾದರೂ ಮರೆತಿರಾ?"

"ಮರೆತಿಲ್ಲ, ಸುಳ್ಳು ಹೇಳಿದೆ. ಅದು ಹೆರಿಗೆಮನೆ ಅಲ್ಲ, ಕುದುರೆ ಲಾಯ. ಇವತ್ತಿನವರೆಗೆ ಅಲ್ಲಿ ಒಂದು ಮಗುವೂ ಹುಟ್ಟಿಲ್ಲ. ಮೂರು ವರ್ಷದಲ್ಲಿ ಏಳು ತಾಯಂದಿರು ಸತ್ತಿದ್ದಾರೆ. ಮೊದಲನೆಯವಳು ನನ್ನ ತಂಗಿ."

ಅವರು ನನ್ನ ಮುಖವನ್ನೇ ನೋಡಿದರು. "ಇದನ್ನ ಬರೆದ್ರೆ ನಿಮ್ಮ ಕೆಲಸ ಹೋಗುತ್ತೆ. ನಿಮ್ಮೂರಲ್ಲಿ ಇನ್ನೂ ಏನೇನು ಆಗುತ್ತೋ."

"ಆಗ್ಲಿ. ಐದು ಜನ ಬಸುರಿಯರು ಬಾಗಿಲು ಹಾಕ್ಕೊಂಡು ಕುದುರೆ ತಡೀತಿದ್ದಾರೆ. ಒಳಗೆ ಅವರಿಗೆ ಒಂದು ತೊಟ್ಟು ನೀರಿಲ್ಲ. ಬರೆಯೋದು ಆಮೇಲೆ ಬರೀರಿ. ಮೊದಲು ಗಾಡಿ ತಿರುಗಿಸಿ."